ಬೇವಿನ ಹೂ ಒಣಗಿಸಿಡಿ, ವರ್ಷವಿಡೀ ಸಾರು ಮಾಡಿ

ಯುಗಾದಿ ದಿನ ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡು ಮುಖ ಕಿವುಚುತ್ತೇವೆ. ಆಮೇಲೆ ಆ ಮರದ ಕಡೆ ತಿರುಗಿಯೂ ನೋಡುವುದಿಲ್ಲ. ಹೂವಿನ ಸುಗ್ಗಿ ಇರುವುದೇ ಆಗ, ಮಾರ್ಚ್-ಏಪ್ರಿಲ್‌ನಲ್ಲಿ.

ಮೊದಲು ಮರ ಸರಿಯಾಗಿ ಗುರುತಿಸಿ. ಬೇವಿನ ಹೂ ಬಿಳಿ, ಸಣ್ಣದು, ಹತ್ತಿರ ಹೋದರೆ ಜೇನಿನ ವಾಸನೆ. ಕಡ್ಡಿಯ ಎರಡೂ ಕಡೆ ಗರಗಸದ ಅಂಚಿನ ಎಲೆ ಸಾಲಾಗಿರುತ್ತದೆ. ಹೂವಿನಲ್ಲಿ ನೇರಳೆ ಬಣ್ಣ ಕಂಡರೆ, ಕಡ್ಡಿ ಮತ್ತೆ ಕವಲೊಡೆದು ಎಲೆ ಬಿಟ್ಟಿದ್ದರೆ ಅದು ಬೇವಲ್ಲ, ಅದರ ದಾಯಾದಿ. ಮುಟ್ಟಬೇಡಿ.

ರಾತ್ರಿ ಮರದಡಿ ಹಳೇ ಪಂಚೆ ಹಾಸಿಡಿ. ಬೆಳಗ್ಗೆ ಹೂ ತಾನಾಗಿ ಉದುರಿರುತ್ತದೆ, ಕೊಂಬೆ ಮುರಿಯುವ ಕೆಲಸವೇ ಇಲ್ಲ. ರಸ್ತೆ ಧೂಳು ಕುಡಿದ ಮರ ಬೇಡ. ಮೊರದಲ್ಲಿ ಕೇರಿ ಕಡ್ಡಿ, ಇರುವೆ ತೆಗೆದು, ನೆರಳಲ್ಲಿ ಮೂರು-ನಾಲ್ಕು ದಿನ ಹರಡಿ. ಮೊರದ ತುಂಬ ಇದ್ದದ್ದು ಒಣಗಿದ ಮೇಲೆ ಒಂದು ಬಟ್ಟಲಾದರೆ ಹೆಚ್ಚು! ಬೆರಳಲ್ಲಿ ಉಜ್ಜಿದರೆ ಪುಡಿಯಾಗಬೇಕು. ಒಮ್ಮೆ ನಾನು ಅವಸರಕ್ಕೆ ಬಿದ್ದು ಅರೆ ಒಣಗಿದ್ದನ್ನೇ ಡಬ್ಬಿಗೆ ತುಂಬಿದೆ. ತಿಂಗಳಿಗೆ ಬೂಸ್ಟು ಹಿಡಿದು ಎಲ್ಲ ತಿಪ್ಪೆಗೆ ಹೋಯಿತು.

ಇನ್ನು ಸಾರು. ಹುಣಸೆ ರಸಕ್ಕೆ ಉಪ್ಪು, ಸಾರಿನ ಪುಡಿ, ಬೆಲ್ಲ ಹಾಕಿ ಕುದಿಸಿ ಇಳಿಸಿ. ಬೆಲ್ಲದಲ್ಲಿ ಜಿಪುಣತನ ಬೇಡ. ತುಪ್ಪದಲ್ಲಿ ಸಾಸಿವೆ, ಒಣಮೆಣಸು, ಕರಿಬೇವು ಸಿಡಿಸಿ, ಉರಿ ಸಣ್ಣ ಮಾಡಿ ಒಂದು ಚಮಚ ಹೂ ಹಾಕಿ. ಕಾಫಿ ಬಣ್ಣಕ್ಕೆ ಬಂದ ಕೂಡಲೇ ಸಾರಿಗೆ ಸುರಿಯಿರಿ. ಕಮ್ಮಿ ಹುರಿದರೆ ಕಹಿ ಜಾಸ್ತಿ, ಮಿತಿ ಮೀರಿದರೆ ಕರಕಲು. ಒಗ್ಗರಣೆ ಬಿದ್ದ ಮೇಲೆ ಮತ್ತೆ ಕುದಿಸಬೇಡಿ. ಸಾರು ಬೇಡವೆಂದರೆ ತುಪ್ಪದಲ್ಲಿ ಹುರಿದ ಹೂವನ್ನು ಬಿಸಿ ಅನ್ನಕ್ಕೆ ಕಲಸಿ ಮೊದಲ ತುತ್ತು ತಿನ್ನಿ.

ಜ್ವರ ಬಿಟ್ಟು ಬಾಯಿ ಸಪ್ಪೆಯಾದಾಗ, ಪಿತ್ತಕ್ಕೆ, ಹೊಟ್ಟೆ ಹುಳಕ್ಕೆ ಇದನ್ನು ಕೊಡುವುದು ಹಳೇ ರೂಢಿ. ಶುಗರ್‌ಗೂ ಒಳ್ಳೆಯದು ಅನ್ನುತ್ತಾರೆ. ಹಾಗಂತ ಮಾತ್ರೆ ಬಿಟ್ಟು ಸಾರು ನಂಬಿ ಕೂರುವುದು ಹುಚ್ಚುತನ, ಅಲ್ವಾ? ಬಸುರಿಯರು ಬೇವನ್ನು ಔಷಧಿಯಂತೆ ತೆಗೆದುಕೊಳ್ಳುವುದು ಬೇಡ. ಬೇವಿನ ಎಣ್ಣೆಯನ್ನಂತೂ ಮಕ್ಕಳಿಗೆ ಒಂದು ಹನಿಯೂ ಕುಡಿಸಬೇಡಿ, ಅದು ವಿಷವಾಗಿ ಜೀವಕ್ಕೇ ಕುತ್ತು ತಂದದ್ದಿದೆ.