ಸ್ವಂತ ಅನುಭವದ ಪ್ರಬಂಧ ಬರೆಯುವ ಬಗೆ

ಕೊಡಗಿನ ಕಾಲೇಜುಗಳ ಪ್ರಬಂಧ ಸ್ಪರ್ಧೆಗೆ ಬರುವ ಬರಹಗಳಲ್ಲಿ ಒಂದು ದೋಷ ಮತ್ತೆ ಮತ್ತೆ ಕಾಣುತ್ತದೆ. 2018ರ ಆಗಸ್ಟ್ ತಿಂಗಳ ಭೂಕುಸಿತವನ್ನು ಕಣ್ಣಾರೆ ಕಂಡವರು ಕೂಡ ಅದನ್ನು ಪತ್ರಿಕಾ ವರದಿಯಂತೆ ಬರೆಯುತ್ತಾರೆ. ಮನೆ ಬಿಟ್ಟು ಹೊರಡುವಾಗ ಅಜ್ಜಿ ಕೈಗೆತ್ತಿಕೊಂಡದ್ದೇನು ಎಂಬುದನ್ನು ಮಾತ್ರ ಬರೆಯುವುದಿಲ್ಲ.

ಮೊದಲು ವಿಷಯವನ್ನು ಕಿರಿದು ಮಾಡಿಕೊಳ್ಳಿ. ‘ನಮ್ಮ ಕಾಫಿ ತೋಟ’ ಎಂಬುದು ವಿಪರೀತ ದೊಡ್ಡದು. ಮಾರ್ಚ್ ಬಂದರೂ ಹೂಮಳೆ (ಕಾಫಿ ಹೂ ಅರಳಲು ಬೇಕಾದ ಮಳೆ) ಬೀಳದ ವರ್ಷ ಅಪ್ಪ ಸ್ಪ್ರಿಂಕ್ಲರ್ ಬಾಡಿಗೆಗೆ ತಂದು ರೊಬಸ್ಟಾ ಕಾಫಿ ಗಿಡಗಳಿಗೆ ರಾತ್ರಿಯಿಡೀ ನೀರು ಹಾಯಿಸಿದ್ದು, ಇಷ್ಟೇ ಸಾಕು. ನೆನಪಾದ ವಿವರಗಳನ್ನು ಅನುಕ್ರಮದ ಗೊಡವೆಯಿಲ್ಲದೆ ಗುರುತು ಹಾಕಿಕೊಳ್ಳಿ. (ಮಳೆಗಾಲವಾದರೆ ಜೆಲ್ ಪೆನ್ ಬೇಡ, ನಮ್ಮ ಥಂಡಿಗೆ ಕಾಗದ ಮೆತ್ತಗಾಗಿ ಶಾಯಿ ಹರಡುತ್ತದೆ.)

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಘಟನೆಯನ್ನು ಹೇಳಿದ ಮಾತ್ರಕ್ಕೆ ಪ್ರಬಂಧವಾಗುವುದಿಲ್ಲ; ಅಂದು ಅದನ್ನು ಅನುಭವಿಸಿದ ‘ನಾನು’, ಇಂದು ಅದನ್ನು ಬರೆಯುತ್ತಿರುವ ‘ನಾನು’, ಇಬ್ಬರೂ ಅದರಲ್ಲಿರಬೇಕು ಮತ್ತು ಇಬ್ಬರ ತಿಳಿವಳಿಕೆಯೂ ಬೇರೆಯಾಗಿರಬೇಕು. ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ಅಂದು ತಿಳಿದಿದ್ದನ್ನು, ಬಲಕ್ಕೆ ಇಂದು ತಿಳಿದಿರುವುದನ್ನು ಬರೆಯಿರಿ. ಅಂದು ಸ್ಪ್ರಿಂಕ್ಲರ್ ಮೋಟಾರಿನ ಸದ್ದಿಗೆ ನಿದ್ದೆ ಕೆಟ್ಟ ಸಿಟ್ಟು ಮಾತ್ರವಿತ್ತು. ಡೀಸೆಲ್ಲಿನ ಹಣಕ್ಕಾಗಿ ಅಮ್ಮನ ಬಳೆ ಅಡಮಾನಕ್ಕೆ ಹೋಗಿತ್ತೆಂಬುದು ಇಂದು ಗೊತ್ತು. ಎರಡೂ ಕಡೆ ಒಂದೇ ಮಾತು ಬಂದರೆ ಆ ವಿಷಯವನ್ನು ಬಿಟ್ಟು ಬೇರೆಯದನ್ನು ಹುಡುಕಿ. ವ್ಯತ್ಯಾಸ ಸಿಕ್ಕಿದರೆ ಅದರಿಂದ ಒಂದು ಪ್ರಶ್ನೆ ಹುಟ್ಟುತ್ತದೆ: ಅಡಮಾನದ ವಿಷಯವನ್ನು ಅಪ್ಪ ಮಕ್ಕಳಿಂದ ಮುಚ್ಚಿಟ್ಟದ್ದೇಕೆ? ಪ್ರತಿ ಪ್ಯಾರಾವೂ ಈ ಪ್ರಶ್ನೆಯ ಸುತ್ತಲೇ ಇರಲಿ. ತೋಟವೆಲ್ಲ ಬೆಳ್ಳಗೆ ಅರಳಿ ಘಮಘಮಿಸಿದ ವರ್ಣನೆ ಎಷ್ಟೇ ಚೆಂದವಿದ್ದರೂ ಅದಕ್ಕೆ ಸೇರದಿದ್ದರೆ ತೆಗೆದುಹಾಕಿ. ಇಂದಿನ ತಿಳಿವಳಿಕೆಯನ್ನು ಆರಂಭದಲ್ಲೇ ಬಿಟ್ಟುಕೊಡದೆ, ಓದುಗರನ್ನು ನಿದ್ದೆಗೆಟ್ಟ ಹುಡುಗನ ಜೊತೆಗೇ ಬಹುದೂರ ನಡೆಸಿ, ಬಳೆಯ ಸಂಗತಿಯನ್ನು ಕೊನೆಯ ಮೂರನೇ ಒಂದು ಭಾಗಕ್ಕೆ ಉಳಿಸಿಕೊಳ್ಳಿ. ಅದನ್ನು ಹೇಳಿದ ಮೇಲೆ ವಿವರಿಸಲು ಹೋಗಬೇಡಿ. ‘ತಂದೆತಾಯಿಗಳ ತ್ಯಾಗ ಅಪಾರ’ ಎಂದು ಸೇರಿಸಿದ ಕೂಡಲೇ ಅದು ಶಾಲಾ ವಾರ್ಷಿಕೋತ್ಸವದ ಭಾಷಣವಾಗುತ್ತದೆ. ಅಪ್ಪನ ಮನಸ್ಸಿನಲ್ಲೇನಿತ್ತೆಂದು ಖಚಿತವಿಲ್ಲದಿದ್ದರೆ ಊಹೆಯನ್ನು ಊಹೆಯೆಂದೇ ಬರೆಯಿರಿ.

‘ಕರ್ನಾಟಕದ ಕಾಶ್ಮೀರ’ ಎಂದು ಶುರುವಾಗುವ ಪ್ಯಾರಾವನ್ನೂ ನುಡಿಮುತ್ತಿನ ಪುಸ್ತಕದಿಂದ ಎತ್ತಿದ ಸಾಲನ್ನೂ ಯೋಚಿಸದೆ ಹೊಡೆದುಹಾಕಿ. ಮೋಟಾರಿನ ಸದ್ದಿನಿಂದಲೇ ಆರಂಭಿಸಿ. ಅಂಗಡಿಯಲ್ಲಿ ಸಿಗುವ ಮಾದರಿ ಪ್ರಬಂಧಗಳ ಗೈಡುಗಳು ಪೀಠಿಕೆ, ವಿಷಯ ವಿವರಣೆ, ಉಪಸಂಹಾರವೆಂಬ ಚೌಕಟ್ಟನ್ನು ಕಲಿಸುತ್ತವೆ. ಪರೀಕ್ಷೆಗೆ ಅದು ಸರಿ, ಇಲ್ಲಿ ಪ್ರಯೋಜನವಿಲ್ಲ. ಫೋನಿಗೆ ಬಾಯಲ್ಲಿ ಹೇಳಿ ಬರೆಸುವವರು ಅಲ್ಪಪ್ರಾಣ ಮಹಾಪ್ರಾಣಗಳನ್ನು ಒಂದೊಂದಾಗಿ ತಿದ್ದಲೇಬೇಕು.

ಕರಡನ್ನು ಒಂದು ವಾರ ಮುಟ್ಟದೆ ಇಟ್ಟು, ಬಳಿಕ ಗಟ್ಟಿಯಾಗಿ ಓದಿ ತಿದ್ದಿ. ಸ್ಪರ್ಧೆಗೋ ಪತ್ರಿಕೆಗೋ ಕಳುಹಿಸುವ ಮೊದಲು ಅಮ್ಮನಿಗೂ ಓದಿ ಹೇಳಿ. ಬಳೆಯ ವಿಷಯ ಊರಿಗೆ ತಿಳಿಯುವುದು ಬೇಡವೆಂದು ಅವರು ಹೇಳಿದರೆ ಆ ಬರಹವನ್ನು ಕಳುಹಿಸಬೇಡಿ.