ಮೈಲುತುತ್ತಕ್ಕೆ ಒಂದು ರಾತ್ರಿ ಬೇಕು

ಅಡಿಕೆಗೆ ಕೊಳೆರೋಗ ಬಾರದಿರಲೆಂದು ಹೊಡೆಸುವ ಬೋರ್ಡೋ ಎಂದರೆ ಮೈಲುತುತ್ತವೆಂಬ ತಾಮ್ರದ ನೀಲಿ ಹರಳು, ಸುಣ್ಣ ಎರಡನ್ನೂ ನೀರಿನಲ್ಲಿ ಬೆರೆಸಿದ ಮದ್ದು. ತೋಟಕ್ಕೆ ಅದನ್ನು ಹೊಡೆಸುವ ದಿನ ಎಲ್ಲಕ್ಕಿಂತ ತುಟ್ಟಿಯಾದದ್ದು ಮೈಲುತುತ್ತವಲ್ಲ, ಮರ ಹತ್ತಿ ಹೊಡೆಯುವ ಕೊನೆಗೌಡನ ಹೊತ್ತು. ನಮ್ಮ ಶಿರಸಿ ಸೀಮೆಯಲ್ಲಿ ಮರ ಹತ್ತುವವರು ಈಗ ಕೈಬೆರಳೆಣಿಕೆಯಷ್ಟು. ಮೃಗಶಿರ ಮಳೆ ಹಿಡಿಯುವ ಮೊದಲು ಊರಿನವರಿಗೆಲ್ಲ ಅವರೇ ಬೇಕು. ಬಂದವರನ್ನು ಅಂಗಳದಲ್ಲಿ ಕೂರಿಸಿ ನಾವು ಬಕೆಟ್ಟಿನಲ್ಲಿ ಕೋಲಾಡಿಸುತ್ತ ನಿಂತರೆ ಸಂಜೆಯೊಳಗೆ ಅರ್ಧ ತೋಟವೂ ಮುಗಿಯುವುದಿಲ್ಲ. ಹಾಗಾಗಿ ನನ್ನ ಕೆಲಸ ಹಿಂದಿನ ದಿನವೇ ಶುರು.

ನೂರು ಲೀಟರ್ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ, ಗೋಳಿರುವುದು ಕರಗಿಸುವುದರಲ್ಲಿ. ಹರಳನ್ನು ನೀರಿಗೆ ಸುರಿದರೆ ತಳ ಸೇರುತ್ತದೆ. ಕರಗಿದ ಗಟ್ಟಿ ನೀಲಿ ನೀರು ಅಲ್ಲೇ ಅದನ್ನು ಮುತ್ತಿಕೊಂಡು ನಿಲ್ಲುವುದರಿಂದ ಮೇಲಿನ ತಿಳಿನೀರು ಹರಳನ್ನು ಮುಟ್ಟುವುದೇ ಇಲ್ಲ. ರಟ್ಟೆ ಬೀಳುವಷ್ಟು ಕಲಕಬೇಕು. ನಾನು ಕಲಕುವುದಿಲ್ಲ. ಹರಳನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಗೆ ಅಡ್ಡಕೋಲಿಟ್ಟು, ಗಂಟು ನೀರಿನ ಮೇಲುಭಾಗದಲ್ಲೇ ಮುಳುಗಿರುವಂತೆ ತೂಗಿಬಿಡುತ್ತೇನೆ. ಟಾರ್ಚ್ ಬಿಟ್ಟು ನೋಡಿದರೆ ಗಂಟಿನಡಿಯಿಂದ ನೀಲಿ ಎಳೆಗಳು ಇಳಿಯುತ್ತಿರುವುದು ಕಾಣುತ್ತದೆ. ಕರಗಿದ್ದು ಭಾರವಾಗಿ ಕೆಳಗಿಳಿಯುತ್ತದೆ, ಆ ಜಾಗಕ್ಕೆ ತಿಳಿನೀರು ಬರುತ್ತದೆ. ಬೆಳಿಗ್ಗೆ ಎದ್ದಾಗ ಬಟ್ಟೆ ಖಾಲಿ. ಕಬ್ಬಿಣದ ಪಾತ್ರೆ ಮಾತ್ರ ಕೂಡದು. ತಾಮ್ರವೆಲ್ಲ ಅದಕ್ಕೇ ಅಂಟುತ್ತದೆ.

ಉಳಿದ ಶಕ್ತಿಯನ್ನು ಸುಣ್ಣಕ್ಕೆ ಸುರಿಯುತ್ತೇನೆ. ಸುಟ್ಟ ಸುಣ್ಣಕ್ಕೆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು. ಅದು ಕುದಿಯುತ್ತದೆ, ಸಿಡಿಯುತ್ತದೆ, ಕಣ್ಣು ಜೋಪಾನ. ಆರಿದ ಮೇಲೆ ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಎರಡೆರಡು ಸಲ ಸೋಸುತ್ತೇನೆ. ಬೆನ್ನು ಬಗ್ಗಿಸಿ ಮಾಡುವ ಬೇಸರದ ಕೆಲಸ. ‘ಒಂದು ಸಲ ಸೋಸಿದರೆ ಸಾಲದೇ ಅಣ್ಣಾ?’ ಎಂದು ತಮ್ಮ ಪ್ರತಿ ವರ್ಷ ಕೇಳುತ್ತಾನೆ. ಸಾಲದು. ಮರಳಿನ ಒಂದು ಕಣ ನಾಜಲ್‌ಗೆ ಸಿಕ್ಕಿಕೊಂಡರೆ, ಮರದಿಂದ ಮರಕ್ಕೆ ದಾಟುತ್ತ ಸಾಗುತ್ತಿದ್ದವನು ಅಷ್ಟೆತ್ತರದಿಂದ ಇಳಿದು ಬರಬೇಕು, ಮತ್ತೆ ಹತ್ತಬೇಕು.

ಬೆಳಿಗ್ಗೆ ಎರಡನ್ನೂ ಐವತ್ತೈವತ್ತು ಲೀಟರಿಗೆ ಏರಿಸಿ, ಸುಣ್ಣದ ನೀರನ್ನು ಕಲಕುತ್ತಲೇ ಮೈಲುತುತ್ತದ ನೀರನ್ನು ನಿಧಾನವಾಗಿ ಅದಕ್ಕೆ ಹೊಯ್ಯುತ್ತೇನೆ. ತಿರುಗುಮುರುಗು ಮಾಡಿದರೆ ಒರಟಾಗಿ ಒಡೆದು ತಳ ಕಟ್ಟುತ್ತದೆ. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯುತ್ತೇನೆ. ಅಲಗು ಕೆಂಪಗಾದರೆ ಹುಳಿ ಉಳಿದಿದೆ ಎಂದರ್ಥ. ಹಾಗೆಯೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಈ ಒಂದು ನಿಮಿಷವನ್ನು ಉಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಬೋರ್ಡೋ ಬಂದದ್ದಕ್ಕೇ ಎಷ್ಟು ಹೊತ್ತು ಉಳಿಯಿತು ಎಂಬುದನ್ನು ಹಿರಿಯರನ್ನು ಕೇಳಬೇಕು. ಅವರು ಮಳೆ ತಾಗದಂತೆ ಕರಡದ ಹುಲ್ಲಿನಲ್ಲಿ ಕೊಟ್ಟೆ ಎಂಬ ಹೊದಿಕೆ ಹೆಣೆದು ಒಂದೊಂದೇ ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಕಟ್ಟಿಸುತ್ತಿದ್ದರು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬೆನ್ನು ಹತ್ತಿ 1910ರಲ್ಲಿ ವರದಿ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಹುಟ್ಟಿದ ಈ ಮದ್ದು ನಮ್ಮ ಅಡಿಕೆ ಕೊನೆಗೆ ಬಿದ್ದದ್ದರ ಹಿಂದೆ ಅವರ ದುಡಿಮೆಯಿದೆ. ಆದರೆ ಇದು ಬಂದ ಕೊಳೆಯನ್ನು ವಾಸಿಮಾಡುವುದಿಲ್ಲ, ಬಾರದಂತೆ ತಡೆಯುತ್ತದೆ. ಮಳೆಗೆ ಮೊದಲೇ ಕಾಯಿಯ ಮೇಲೆ ಬಿದ್ದು ಒಣಗಿರಬೇಕು.

ಎರಡನೆಯ ಸಲ ಹೊಡೆಸುವುದು ಸುಮಾರು ನಲವತ್ತೈದು ದಿನದ ಮೇಲೆ, ಪುನರ್ವಸು-ಪುಷ್ಯದ ನಡುವೆ. ಆಗ ಮಳೆ ಹೊಳವಾಗುವುದನ್ನೇ, ಬಿಡುವು ಕೊಡುವುದನ್ನೇ ಕಾಯಬೇಕು. ಒದ್ದೆ ಕೊನೆಗೆ ಹೊಡೆದದ್ದು ತೊಳೆದು ಹೋಗುತ್ತದೆ, ಅಂಟಿಕೊಳ್ಳಲೆಂದು ರಾಳ ಬೆರೆಸಿದ್ದರೂ ಅಷ್ಟೇ. ನೆರೆಯವರ ತೋಟದಲ್ಲಿ ಪಂಪಿನ ಸದ್ದು ಕೇಳಿದಾಗ ಕೂತಲ್ಲಿ ಕೂರಲಾಗುವುದಿಲ್ಲ, ನಿಜ. ಆದರೂ ಅವಸರಕ್ಕೆ ಎಲ್ಲವನ್ನೂ ಬೆರೆಸಿಬಿಡುವಂತಿಲ್ಲ, ಬೆರೆಸಿದ ದ್ರಾವಣ ಅಂದಂದಿಗೇ ಮುಗಿಯಬೇಕು. ಬೇರೆ ಬೇರೆಯಾಗಿ ಇಟ್ಟ ಮೈಲುತುತ್ತದ ನೀರು, ಸುಣ್ಣದ ನೀರು ಕೆಲವು ದಿನ ಕೆಡದೆ ಇರುತ್ತವೆ. ಆದ್ದರಿಂದ ಒಂದೊಂದೇ ಡ್ರಮ್ ಬೆರೆಸುತ್ತೇನೆ. ನಡುವೆ ಮಳೆ ಬಂದರೆ ಉಳಿದ ಎರಡಕ್ಕೂ ಮುಚ್ಚಳ ಹಾಕಿ, ಕೊನೆಗೌಡನಿಗೆ ಚಹಾ ಕೊಟ್ಟು, ಪಂಪು ತೊಳೆದಿಡುತ್ತೇನೆ.