ಎರಡು ಶ್ರುತಿ, ಎರಡು ಲಯ, ಒಂದೇ ಹಾಡು: ಸ್ಟ್ರಾಬೆರಿ ಫೀಲ್ಡ್ಸ್ ಬೆಸುಗೆಯನ್ನು ಮನೆಯಲ್ಲಿ ಮಾಡಿದ ಬಗೆ

ಬೀಟಲ್ಸ್ ತಂಡದ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ 1967ರ ಫೆಬ್ರವರಿಯಲ್ಲಿ ‘ಪೆನ್ನಿ ಲೇನ್’ ಜೊತೆಗೆ ಸಿಂಗಲ್ ಆಗಿ ಹೊರಬಂತು. ಅದರ ರೆಕಾರ್ಡಿಂಗ್ ಲಂಡನ್ನಿನ ಅಬೆ ರೋಡ್‌ನ ಇಎಂಐ ಸ್ಟುಡಿಯೋದಲ್ಲಿ 1966ರ ನವೆಂಬರ್ 24ಕ್ಕೆ ಶುರುವಾಗಿತ್ತು. ಏಳನೇ ಟೇಕ್ (ಏಳನೇ ಸಲ ನುಡಿಸಿ ಹಿಡಿದದ್ದು) ಮೆಲ್ಲಗಿನದು, ಹಗುರವಾದದ್ದು. ಇಪ್ಪತ್ತಾರನೆಯದು ವೇಗದ್ದು, ಭಾರವಾದದ್ದು. ಅದಕ್ಕೆ ಡಿಸೆಂಬರ್ 15ರಂದು ನಾಲ್ಕು ಟ್ರಂಪೆಟ್, ಮೂರು ಚೆಲ್ಲೊ ಸೇರಿದವು. ಜಾನ್ ಲೆನನ್‌ಗೆ ಮೊದಲನೆಯದರ ಆರಂಭವೂ ಬೇಕು, ಎರಡನೆಯದರ ಉಳಿದ ಭಾಗವೂ ಬೇಕು. ಎರಡರ ಶ್ರುತಿ ಬೇರೆ, ಲಯವೂ ಬೇರೆ. ನಿರ್ಮಾಪಕ ಜಾರ್ಜ್ ಮಾರ್ಟಿನ್, ಎಂಜಿನಿಯರ್ ಜೆಫ್ ಎಮೆರಿಕ್ ಡಿಸೆಂಬರ್ 22ರಂದು ಟೇಪಿನ ವೇಗ ಹೊಂದಿಸಿ ಎರಡನ್ನೂ ಕತ್ತರಿಸಿ ಜೋಡಿಸಿದರು. ಹಾಡು ಶುರುವಾಗಿ ಸುಮಾರು ಒಂದು ನಿಮಿಷಕ್ಕೆ ಆ ಬೆಸುಗೆ ಬರುತ್ತದೆ.

ಇದನ್ನೇ ನಮ್ಮದೊಂದು ಸ್ವಂತ ಹಾಡಿಗೆ ಕಂಪ್ಯೂಟರಿನಲ್ಲಿ ಮಾಡಿದ ವಿವರ ಇಲ್ಲಿದೆ. ಸಾಫ್ಟ್‌ವೇರ್ ರೀಪರ್, ಬೇರೆ ಯಾವುದಾದರೂ ನಡೆಯುತ್ತದೆ.

ಇಡೀ ಕೆಲಸ ನಿಂತಿರುವುದು ಒಂದು ಸಂಗತಿಯ ಮೇಲೆ: ಟೇಪನ್ನು ನಿಧಾನ ಮಾಡಿದರೆ ಶ್ರುತಿ ಮತ್ತು ಲಯ ಎರಡೂ ಒಟ್ಟಿಗೇ ಇಳಿಯುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲಾಗದು. ವೇಗದ ಟೇಕಿನ ಶ್ರುತಿಯೇ ಎತ್ತರದಲ್ಲಿತ್ತು ಎಂಬುದು ಅವರ ಅದೃಷ್ಟ. ಇವತ್ತು ಯಾವ ಸಾಫ್ಟ್‌ವೇರಾದರೂ ಶ್ರುತಿ ಮುಟ್ಟದೆ ಲಯ ಬದಲಿಸಿ ಕೊಡುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ. ನಿಧಾನವಾದಾಗ ದನಿಯ ಮೈಯೇ ಬದಲಾಗುತ್ತದೆ. ಹಾಡುವವನ ಗಂಟಲು, ಎದೆ ದೊಡ್ಡದಾದಂತೆ ಕೇಳುತ್ತದೆ. ಆ ಹಾಡಿನ ಎರಡನೇ ಭಾಗದ ಕನಸಿನ ಭಾರ ಬಂದಿರುವುದು ಅಲ್ಲಿಂದಲೇ. ರೀಪರಿನಲ್ಲಿ ಆಡಿಯೋ ತುಣುಕಿನ ಪ್ರಾಪರ್ಟೀಸ್ ತೆರೆದು, ಶ್ರುತಿ ಉಳಿಸಿಕೊಳ್ಳುವ ಆಯ್ಕೆಯ ಟಿಕ್ ತೆಗೆದು, ಪ್ಲೇಬ್ಯಾಕ್ ರೇಟ್ ಬದಲಿಸಬೇಕು.

ನಾವು ಮೊದಲ ಟೇಕನ್ನು ಎ ಶ್ರುತಿಯಲ್ಲಿ, ಅಂದರೆ ಕರ್ನಾಟಕ ಸಂಗೀತದವರ ಲೆಕ್ಕದಲ್ಲಿ ಆರು ಮನೆಯಲ್ಲಿ, ನಿಮಿಷಕ್ಕೆ 92 ಬೀಟ್‌ಗೆ ನುಡಿಸಿದೆವು. ಎರಡನೆಯದು ಬಿ ಶ್ರುತಿ, ಏಳು ಮನೆ. ಬಿಯಿಂದ ಎಗೆ ಇಳಿಸುವ ರೇಟ್ 0.8909. ಹಾಗಾದರೆ ಎರಡನೇ ಟೇಕಿನ ಕ್ಲಿಕ್ (ಲಯ ತೋರಿಸುವ ಟಿಕ್ ಟಿಕ್ ಸದ್ದು) ಎಷ್ಟಿರಬೇಕು? 92ನ್ನು 0.8909ರಿಂದ ಭಾಗಿಸಿದರೆ 103.27. ಅಷ್ಟಕ್ಕೇ ಇಟ್ಟು ನುಡಿಸಿದರೆ ಇಳಿಸಿದ ಮೇಲೆ ಸರಿಯಾಗಿ 92ಕ್ಕೆ ಬಂದು ಕೂರುತ್ತದೆ. ದುಂಡಗೆ 104 ಇಟ್ಟರೆ 92.65 ಆಗುತ್ತದೆ, ಬೆಸುಗೆಯಲ್ಲಿ ಅಷ್ಟು ವ್ಯತ್ಯಾಸ ಕಿವಿಗೆ ಸಿಗುವುದಿಲ್ಲ. ಶ್ರುತಿ ಮಾತ್ರ 10 ಸೆಂಟ್ (ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು) ಆಚೀಚೆಯಾದರೂ ಆ ಕ್ಷಣದಲ್ಲಿ ಚುಚ್ಚುತ್ತದೆ. ಆದ್ದರಿಂದ ರೇಟನ್ನು ನಿರ್ಧರಿಸುವುದು ಶ್ರುತಿ, ಲಯವಲ್ಲ. ಗಿಟಾರ್ ಬೆಳಿಗ್ಗೆ ಒಂದು ರೀತಿ, ರಾತ್ರಿ ಒಂದು ರೀತಿ ಇರುತ್ತದೆ. 10 ಸೆಂಟ್ ಸರಿಪಡಿಸಲು ರೇಟಿನಲ್ಲಿ ಸುಮಾರು 0.6% ಬದಲಿಸಿದರೆ ಸಾಕು. ಮೂಲ ಸಿಂಗಲ್ಲಿನ ಜೊತೆ ಕೀಬೋರ್ಡ್ ನುಡಿಸಿ ನೋಡಿ: ಅದು ಎಗೂ ಕೂರುವುದಿಲ್ಲ, ಬಿ ಫ್ಲಾಟ್‌ಗೂ ಕೂರುವುದಿಲ್ಲ, ನಡುವೆ ಎಲ್ಲೋ ತೇಲುತ್ತದೆ.

ಸ್ಯಾಂಪಲ್ ರೇಟ್ (ಕಂಪ್ಯೂಟರ್ ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬುದು) 96 ಕಿಲೋಹರ್ಟ್ಸ್‌ನಲ್ಲೇ ರೆಕಾರ್ಡ್ ಮಾಡಬೇಕೆಂದು ಕೆಲವರು ಹೇಳುತ್ತಾರೆ. ಇಷ್ಟು ಇಳಿಕೆಗೆ 48 ಸಾಕು. 48ರಲ್ಲಿ ದಾಖಲಾಗುವುದು ಅದರ ಅರ್ಧದವರೆಗಿನ ಸದ್ದು; ಆ 24 ಕಿಲೋಹರ್ಟ್ಸ್‌ನ ಮೇಲ್ತುದಿ 21.4ಕ್ಕೆ ಇಳಿಯುತ್ತದೆ, ಕಿವಿಗೆ ನಷ್ಟವಿಲ್ಲ. ಅರ್ಧ ವೇಗಕ್ಕೆ ಇಳಿಸುವುದಾದರೆ ಮಾತ್ರ 96 ಬೇಕು.

ಎರಡನೇ ಟೇಕ್ ನುಡಿಸುವಾಗಲೇ ಇಳಿದ ಮೇಲೆ ಹೇಗೆ ಕೇಳುತ್ತದೆಂದು ಲೆಕ್ಕ ಹಾಕಿ. ಡ್ರಮ್ಮಿನ ಅನುರಣನ ಸುಮಾರು 12% ಉದ್ದವಾಗುತ್ತದೆ. ಸ್ನೇರ್ ಡ್ರಮ್ ಮೊದಲೇ ಗುಂಯ್‌ಗುಟ್ಟುತ್ತಿದ್ದರೆ ಇಳಿಸಿದ ಮೇಲೆ ಕೆಸರು. ಚರ್ಮವನ್ನು ಬಿಗಿ ಮಾಡಿ, ಮೇಲೊಂದು ಕರವಸ್ತ್ರ ಹಾಕಿ ನುಡಿಸಿದ್ದು ಸರಿಹೋಯಿತು. ಗಾಯನದ ಕಂಪನ ಸೆಕೆಂಡಿಗೆ 6 ಇದ್ದದ್ದು 5.3ಕ್ಕೆ ಬರುತ್ತದೆ, ಅಳುವಂತೆ ಕೇಳುತ್ತದೆ. ನೇರ ಸ್ವರವೇ ಒಳ್ಳೆಯದು. ರಿವರ್ಬ್ (ಕೃತಕ ಅನುರಣನ) ಹಾಕಿ ರೆಕಾರ್ಡ್ ಮಾಡಲೇಬೇಡಿ.

ಬೀಟಲ್ಸ್ ತಂಡದ ಇಪ್ಪತ್ತಾರನೇ ಟೇಕಿನಲ್ಲಿ ಜಾರ್ಜ್ ಹ್ಯಾರಿಸನ್ ನುಡಿಸಿದ ಸ್ವರಮಂಡಲವಿದೆ, ಮೇಲಿಂದ ಕೆಳಗೆ ಜಾರುವ ತಂತಿಗಳು. ಅದನ್ನು ಬಿಡಲು ಮನಸ್ಸಾಗಲಿಲ್ಲ. ನಮ್ಮ ಹಾಡಿನ ಪಲ್ಲವಿಯಲ್ಲೂ ಕೈಶಿಕಿ ನಿಷಾದ ಬರುವುದರಿಂದ ಸ್ವರಮಂಡಲವನ್ನು ಹರಿಕಾಂಭೋಜಿ ರಾಗದ ಸ್ವರಗಳಿಗೆ ಶ್ರುತಿ ಮಾಡಿದೆವು. ನೆನಪಿಡಿ, ಷಡ್ಜ ಏಳು ಮನೆಗೆ, ಆರಕ್ಕಲ್ಲ. ಇಳಿಸಿದಾಗ ಆರಕ್ಕೆ ತಾನೇ ಬರುತ್ತದೆ. ಕೊನೆಯ ತಂತಿ ಬಿಗಿಯುವಷ್ಟರಲ್ಲಿ ಮೊದಲಿನವು ಸಡಿಲಾಗಿರುತ್ತವೆ, ಏಕೆಂದರೆ ಒಟ್ಟು ಎಳೆತಕ್ಕೆ ಪೆಟ್ಟಿಗೆ ತುಸು ಬಾಗುತ್ತದೆ. ಎರಡು ಸುತ್ತು ಶ್ರುತಿ ಮಾಡಿ, ಅರ್ಧ ಗಂಟೆ ಬಿಟ್ಟು ಮೂರನೇ ಸಲ ನೋಡಿ. ಮೈಕ್ ಒಂದಡಿ ದೂರ, ತಂತಿಗಳ ನಡುಭಾಗಕ್ಕೆ ಮುಖ ಮಾಡಿ. ಒಮ್ಮೆ ಸವರಿದ ಕೂಡಲೇ ಅಂಗೈಯಿಂದ ಮುಚ್ಚದಿದ್ದರೆ ಆ ಅನುರಣನ ಮುಂದಿನ ಸಾಲಿನ ಮೇಲೆ ಚೆಲ್ಲುತ್ತದೆ.

ಬೀಟಲ್ಸ್ ತಂಡದ ಏಳನೇ ಟೇಕಿನ ಕೊಳಲಿನ ದನಿ ಮೆಲೊಟ್ರಾನ್ ಎಂಬ ಕೀಬೋರ್ಡ್‌ನದು. ಅದರಲ್ಲಿ ಪ್ರತಿ ಕೀಗೂ ಒಂದೊಂದು ಟೇಪು, ಒತ್ತಿ ಹಿಡಿದರೆ ಸುಮಾರು 8 ಸೆಕೆಂಡಿಗೆ ಮುಗಿಯುತ್ತದೆ. ಅದರ ದನಿಯ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ತುಣುಕು) ಬಳಸುವಾಗಲೂ ಆ ಮಿತಿ ಪಾಲಿಸಿ, ಸ್ವರಗಳ ನಡುವೆ ಕೈ ಎತ್ತಿ. ಒಂದರೊಳಗೊಂದು ಬೆರೆಸಿದರೆ ಅದು ಮಾಮೂಲಿ ಕೀಬೋರ್ಡ್.

ಹಿಮ್ಮುಖ ಸಿಂಬಲ್ ಸುಲಭ: ಒಂದು ಹೊಡೆತ ರೆಕಾರ್ಡ್ ಮಾಡಿ, ತಿರುಗಿಸಿ, ಕೊನೆಯ ತುದಿಯನ್ನು ಬೀಟಿನ ಮೇಲೆ ಕೂರಿಸಿ. ಮುಂಭಾಗವನ್ನು ಎರಡು ಬೀಟಿಗೆ ಕತ್ತರಿಸಿ; 103.27ರ ಕ್ಲಿಕ್ಕಿನಲ್ಲಿ ಅದು 1.16 ಸೆಕೆಂಡ್. ಉದ್ದ ಬಿಟ್ಟರೆ ಬರೀ ಗಾಳಿಯ ಸದ್ದು.

ಈಗ ಬೆಸುಗೆ. ಸೆಕೆಂಡಿಗೆ 38 ಸೆಂಟಿಮೀಟರ್ ಓಡುವ ಕಾಲಿಂಚು ಟೇಪನ್ನು 45 ಡಿಗ್ರಿಯಲ್ಲಿ ಕತ್ತರಿಸಿದರೆ ಎರಡೂ ಸದ್ದು ಬೆರೆಯುವುದು 17 ಮಿಲಿಸೆಕೆಂಡ್ ಮಾತ್ರ. ಎಮೆರಿಕ್ ಅಷ್ಟು ಕಡಿದಾಗಿ ಕತ್ತರಿಸದೆ ಬ್ಲೇಡನ್ನು ತುಂಬ ಓರೆಯಾಗಿ ಹಿಡಿದರು. ಕತ್ತರಿಸಿದ ಗೆರೆ ಟೇಪಿನ ಉದ್ದಕ್ಕೆ ಎರಡೂವರೆ ಸೆಂಟಿಮೀಟರ್ ಚಾಚಿದರೆ ಬೆರೆಯುವ ಹೊತ್ತು 66 ಮಿಲಿಸೆಕೆಂಡ್ ಆಗುತ್ತದೆ. ನಮಗೂ 60ರಿಂದ 70ರ ನಡುವೆಯೇ ಒಪ್ಪಿತು. 20ಕ್ಕಿಂತ ಕಡಿಮೆಯಾದರೆ ಟಕ್ ಎನ್ನುತ್ತದೆ, 150 ದಾಟಿದರೆ ಎರಡೆರಡು ಡ್ರಮ್ ಕೇಳುತ್ತವೆ.

ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತಾ ಇನ್ನೊಂದು ಏರುವುದು) ಈಕ್ವಲ್ ಪವರ್ ಇರಲಿ, ಅಂದರೆ ಒಟ್ಟು ಶಕ್ತಿ ಉದ್ದಕ್ಕೂ ಒಂದೇ ಇರುವಂಥದ್ದು. ಎರಡೂ ಬೇರೆ ಬೇರೆ ನುಡಿಸಾಣಿಕೆಯಾದ್ದರಿಂದ ನೇರ ಗೆರೆಯ ಫೇಡಿನಲ್ಲಿ ನಡುವೆ 3 ಡೆಸಿಬಲ್ ಕುಸಿತ ಬೀಳುತ್ತದೆ, ಕೇಳುವವರಿಗೆ ಯಾರೋ ಕಣ್ಣು ಮಿಟುಕಿಸಿದಂತಾಗುತ್ತದೆ. ಬೇಸ್ ಗಿಟಾರ್ ಎರಡೂ ಕಡೆ ಒಂದೇ ಸ್ವರ ಹಿಡಿದಿದ್ದರೆ ಒಂದನ್ನೊಂದು ನುಂಗಬಹುದು. ಮೊದಲ ಬೇಸನ್ನು ಬೆಸುಗೆಗೆ ಮುಂಚೆಯೇ ನಿಲ್ಲಿಸಿ, ಎರಡನೆಯದನ್ನು ಬೀಟಿನ ಮೇಲೆ ಶುರು ಮಾಡಿ. ಗಾಯನದಲ್ಲಿ ಉಸಿರಿನ ನಡುವೆ ಕತ್ತರಿಸಬೇಡಿ. ಎರಡು ಪದಗಳ ಸಂದಿಯೇ ಜಾಗ.

ಎಲ್ಲಕ್ಕಿಂತ ನೆರವಾಗುವುದು ಬೆಸುಗೆಯ ಬೆನ್ನಿಗೇ ಹೊಸ ವಾದ್ಯ ಬರುವುದು. ಮೂಲದಲ್ಲಿ ಚೆಲ್ಲೊ, ಟ್ರಂಪೆಟ್ ಬಂದು ಕಿವಿಯನ್ನು ಸೆಳೆದುಕೊಳ್ಳುತ್ತವೆ; ನಾವು ಎರಡು ವಯಲಿನ್ನುಗಳನ್ನು ಕೆಳಸ್ಥಾಯಿಯಲ್ಲಿ ನುಡಿಸಿ ಇಳಿಸಿದೆವು. ಎರಡೂ ಭಾಗಗಳ ಬಣ್ಣವನ್ನು ಈಕ್ವಲೈಜರಿನಿಂದ ಒಂದೇ ಮಾಡಲು ಹೊರಟರೆ ಈ ಶ್ರಮವೆಲ್ಲ ಏಕೆ? ಬಣ್ಣ ಬದಲಾಗಲೆಂದೇ ಬೆಸುಗೆ. ರಿವರ್ಬ್ ಮಾತ್ರ ಕೊನೆಯಲ್ಲಿ, ಜೋಡಿಸಿದ ಇಡೀ ಟ್ರ್ಯಾಕಿಗೆ ಒಂದೇ ಹಾಕಿ; ಮೊದಲ ಭಾಗದ ಬಾಲ ಎರಡನೆಯದರೊಳಕ್ಕೆ ಹರಿದು ಕೀಲು ಮುಚ್ಚಿಕೊಳ್ಳುತ್ತದೆ. ಆಮೇಲೆ ಮೊನೊದಲ್ಲಿ, ಸಣ್ಣ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಹೆಡ್‌ಫೋನಿನಲ್ಲಿ ಅಡಗಿದ್ದ ಟಕ್ ಅಲ್ಲಿ ಸಿಕ್ಕಿಬೀಳುತ್ತದೆ.